ಗುತ್ತಿನ ಮನೆ ರಿಪೇರಿ: ಮೊದಲು ನೀರಿನ ದಾರಿ, ಆಮೇಲೆ ಗೋಡೆ

ಉಡುಪಿ ಜಿಲ್ಲೆಯಲ್ಲಿರುವ ನಮ್ಮ ಅಮ್ಮನ ಕಡೆಯ ಗುತ್ತಿನ ಮನೆಯ (ತುಳುನಾಡಿನ ಹಳೆ ಜಮೀನ್ದಾರಿ ಕುಟುಂಬದ ದೊಡ್ಡ ಮನೆ) ರಿಪೇರಿ ಕೆಲಸವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಿಮ್ಮ ಕುಟುಂಬದಲ್ಲೂ ಒಂದು ಗುತ್ತು, ಬೀಡು ಅಥವಾ ತೊಟ್ಟಿ ಮನೆ ಉಳಿದಿರಬಹುದು. ಅದನ್ನು ಕೆಡವೋಣವೋ ಉಳಿಸೋಣವೋ ಅಂತ ಮಾತು ನಡೆಯುತ್ತಿದ್ದರೆ ಇದು ಉಪಯೋಗಕ್ಕೆ ಬಂದೀತು.

ಇಂಥ ಮನೆಗೆ ಕೈ ಹಾಕುವವರು ಸಾಮಾನ್ಯವಾಗಿ ಕಂಬದ ಪಾಲಿಶ್, ಬಾಗಿಲಿನ ಕೆತ್ತನೆ, ಗೋಡೆಯ ಬಣ್ಣದಿಂದ ಶುರು ಮಾಡುತ್ತಾರೆ. ಕಣ್ಣಿಗೆ ಕಾಣುವುದು ಅದೇ ಅಲ್ವಾ? ನಾವು ಅದೆಲ್ಲವನ್ನೂ ಕೊನೆಗೆ ಇಟ್ಟುಕೊಂಡೆವು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಬರುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟು ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಅಂತ ಯೋಚಿಸಿಯೇ ಹಳಬರು ಈ ಮನೆ ಕಟ್ಟಿದ್ದಾರೆ. ಮನೆ ಹಾಳಾಗುತ್ತಿದೆ ಅಂದರೆ ಆ ದಾರಿ ಎಲ್ಲೋ ಕಟ್ಟಿದೆ ಅಂತಲೇ ಅರ್ಥ. ಆ ಜಾಗ ಹುಡುಕದೆ ಗೋಡೆಗೆ ಏನು ಹಚ್ಚಿದರೂ ಎರಡು ಮಳೆಗಾಲಕ್ಕೆ ಉದುರುತ್ತದೆ.

ಕೆಲಸಕ್ಕೆ ಸಿಗುವ ಸಮಯವೂ ಕಡಿಮೆ. ದೀಪಾವಳಿ ಕಳೆದ ಮೇಲೆ ಶುರು ಮಾಡಿದರೆ ಪತ್ತನಾಜೆಗೆ ಮಾಡು (ಹಂಚಿನ ಚಾವಣಿ) ಮುಚ್ಚಿರಬೇಕು. ಪತ್ತನಾಜೆ ತುಳುವರ ಬೇಶ ತಿಂಗಳ ಹತ್ತನೇ ದಿನ. ಅವತ್ತು, ಅಂದರೆ ಮೇ 24ರ ಆಸುಪಾಸು, ನೇಮ (ದೈವಗಳ ಆರಾಧನೆ) ಮತ್ತು ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಅದರ ಬೆನ್ನಿಗೇ ಮಳೆ. ತುಳುನಾಡಿನಲ್ಲಿ ಯಾವ ಆಚಾರ್ರೂ (ಬಡಗಿಯೂ) ಪತ್ತನಾಜೆ ಕಳೆದ ಮೇಲೆ ಹಂಚು ಬಿಚ್ಚುವ ಮಾತಾಡುವುದಿಲ್ಲ.

ಮನೆ ಕೂತಿರುವ ಜಾಗ

ನಮ್ಮಲ್ಲಿ ಗದ್ದೆಗಳಿಗೆ ಬೆಟ್ಟು, ಮಜಲು, ಬೈಲು ಅಂತ ಮೂರು ಹೆಸರು. ಮಳೆ ನೀರನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು. ನಡುವಿನದು ಮಜಲು. ತೋಡಿನ (ಹಳ್ಳದ) ಬದಿಯ ತಗ್ಗು ಗದ್ದೆ ಬೈಲು. ಗುತ್ತಿನ ಮನೆ ಇರುವುದು ಗುಡ್ಡೆ ಮುಗಿದು ಗದ್ದೆ ಶುರುವಾಗುವ ಗೆರೆಯಲ್ಲಿ. ಬೈಲಿನ ನೆರೆ ಮೇಲೆ ಬರುವುದಿಲ್ಲ, ಬಾವಿಗೆ ನೀರು ಆಳದಲ್ಲಿರುವುದಿಲ್ಲ, ಗದ್ದೆಯೆಲ್ಲ ಜಗಲಿಯಲ್ಲಿ ಕೂತರೇ ಕಾಣುತ್ತದೆ. ತುಂಬಾ ಜಾಣತನದ ಜಾಗ. ಆದರೆ ಒಂದು ಕಷ್ಟ ಇದೆ. ಗುಡ್ಡೆಯ ನೀರೆಲ್ಲ ಮನೆಯ ಬೆನ್ನಿಗೇ ಇಳಿದು ಬರುತ್ತದೆ.

ಅದಕ್ಕೆ ಹಳಬರು ಮಾಡಿದ ಉಪಾಯ ಹಿಂದಿನ ಬರೆಯ (ಗುಡ್ಡೆಯ ಕಡಿದಾದ ಅಂಚಿನ) ಬುಡದಲ್ಲಿ ತೆಗೆದ ಕಣಿ, ಅಂದರೆ ನೀರು ಹೋಗುವ ಕಾಲುವೆ. ಅದು ಮನೆಯ ಹಿಂದೆ ಬಾಗಿ ಎರಡು ಕವಲಾಗುತ್ತದೆ. ಒಂದು ಕವಲು ನಾಗಬನದ ಪಕ್ಕದಿಂದ ಮದಗಕ್ಕೆ (ಸಣ್ಣ ಕೆರೆಗೆ) ಹೋಗುತ್ತದೆ, ಇನ್ನೊಂದು ಅಡಿಕೆ ತೋಟದ ಕಡೆಗೆ. ಮದಗ ತುಂಬಿ ಉಕ್ಕಿದ್ದು ಮಜಲು ಗದ್ದೆಗೆ, ಅಲ್ಲಿಂದ ಬೈಲಿಗೆ, ಕೊನೆಗೆ ತೋಡಿಗೆ. ಮನೆಯೊಳಗಿನ ತೊಟ್ಟಿಯ (ನಡುವಿನ ತೆರೆದ ಒಳಾಂಗಣದ) ನೀರು ಕೂಡ ಚಾವಡಿಯ ನೆಲದಡಿಯ ಕಲ್ಲಿನ ಚರಂಡಿಯಿಂದ ಇದೇ ತೋಟಕ್ಕೆ ಬಂದು ಸೇರುತ್ತದೆ.

ಮನೆಯ ಒಳಗು ಹೀಗಿದೆ. ಹೆಬ್ಬಾಗಿಲು ದಾಟಿದರೆ ಅಂಗಳ, ನಡುವೆ ತುಳಸಿಕಟ್ಟೆ. ಶಿಲೆಕಲ್ಲಿನ ಮೆಟ್ಟಿಲು ಹತ್ತಿದರೆ ಜಗಲಿ, ಅದರ ಹಿಂದೆ ಚಾವಡಿ. ಚಾವಡಿಯ ಕಂಬಗಳು ಹಲಸಿನವು. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ಅದರ ಮೇಲೆ ಹಲಗೆಯ ಮುಚ್ಚಿಗೆ. ಒಂದು ತುದಿಯಲ್ಲಿ ದೈವದ ಕೋಣೆ, ಅದರೊಳಗೆ ದೈವದ ಉಯ್ಯಾಲೆ. ಚಾವಡಿ ದಾಟಿದರೆ ತೊಟ್ಟಿ. ಅದರ ನಾಲ್ಕೂ ಸುತ್ತ ಕೋಣೆಗಳು, ಹಿಂದೆ ಅಡುಗೆಮನೆ, ಅದಕ್ಕೆ ಅಂಟಿಕೊಂಡೇ ಬಾವಿ. ಉಪ್ಪರಿಗೆಯಲ್ಲಿ ಭತ್ತ ತುಂಬುತ್ತಿದ್ದ ಮರದ ಪತ್ತಾಯ ಇನ್ನೂ ಇದೆ. ಗೋಡೆಗಳು ಕೆಂಪುಕಲ್ಲಿನವು, ಮಣ್ಣಿನಲ್ಲಿ ಕೂರಿಸಿ ಸುಣ್ಣದ ಗಾರೆ ಬಳಿದದ್ದು, ಎರಡು ಅಡಿಗೂ ಜಾಸ್ತಿ ದಪ್ಪ.

ಸಿಮೆಂಟ್ ಬಂದದ್ದು ಯಾಕೆ

ನಮ್ಮ ಮನೆಯ ಹೆಚ್ಚಿನ ರೋಗ ಸಿಮೆಂಟಿನದ್ದು. ಆದರೆ ಸಿಮೆಂಟ್ ಬಳಿದವರನ್ನು ಬೈಯುವುದು ಸುಲಭ. ಅದು ಯಾಕೆ ಬಂತು ಅಂತ ನೋಡಬೇಕು.

ಇಂಥ ಮನೆಗೆ ಪ್ರತಿ ವರ್ಷ ಕೆಲಸ ಇರುತ್ತಿತ್ತು. ಮಳೆಗೆ ಮುಂಚೆ ಹಂಚು ಕೈಯಾಡಿಸಿ ಒಡೆದದ್ದನ್ನು ಬದಲಿಸಬೇಕು. ಕಣಿಯ ಮಣ್ಣು ತೆಗೆಯಬೇಕು. ಜಗಲಿಗೆ ಎರಚಲು ಹೊಡೆಯದ ಹಾಗೆ ಮಡಲಿನ ತಟ್ಟಿ ಕಟ್ಟಬೇಕು. ಮಳೆ ಮುಗಿದ ಮೇಲೆ ಅಂಗಳ ಕೆತ್ತಿ, ಹೊಸ ಮಣ್ಣು ಹಾಕಿ, ತಟ್ಟಿ, ಸೆಗಣಿ ಸಾರಿಸಬೇಕು. ಗೋಡೆಗೆ ಸುಣ್ಣ ಬಳಿಯಬೇಕು. ಇದನ್ನೆಲ್ಲ ಮಾಡುತ್ತಿದ್ದವರು ಒಕ್ಕಲಿನವರು, ಅದರಲ್ಲಿ ಎಷ್ಟೋ ಕೆಲಸ ಬಿಟ್ಟಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿ ಗದ್ದೆಗಳು ಉಳುವವರ ಕೈಗೆ ಹೋದವು. ಅದು ಆಗಬೇಕಾದ ನ್ಯಾಯವೇ. ಅಲ್ಲಿಗೆ ಗುತ್ತಿನ ಮನೆಗೆ ಗೇಣಿ ಅಕ್ಕಿ ಬರುವುದು ನಿಂತಿತು, ವರ್ಷವರ್ಷದ ಕೆಲಸಕ್ಕೆ ಜನ ಬರುವುದೂ ನಿಂತಿತು. ಮಕ್ಕಳು ಮುಂಬಯಿ, ಬೆಂಗಳೂರು ಸೇರಿದರು. ಮನೆಯಲ್ಲಿ ಉಳಿದ ಇಬ್ಬರು ಮೂವರು ವಯಸ್ಸಾದವರಿಗೆ ‘ಒಮ್ಮೆ ಮಾಡಿದರೆ ಮತ್ತೆ ನೋಡುವುದು ಬೇಡ’ ಅನ್ನುವ ಸಾಮಾನು ಬೇಕಿತ್ತು. ಅದೇ ಸಿಮೆಂಟ್. ಕಣಿ ಮುಚ್ಚಿ ಮೇಲೆ ಕಾಂಕ್ರೀಟ್ ದಾರಿ ಬಂತು. ಅಂಗಳಕ್ಕೆ ಕಾಂಕ್ರೀಟ್ ಬಂತು. ಗೋಡೆಯ ಕೆಳಭಾಗಕ್ಕೆ ಎದೆಯೆತ್ತರಕ್ಕೆ ಸಿಮೆಂಟ್ ಗಾರೆ, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್.

ಈಗ ಆ ಕೆಲಸವನ್ನು ಮತ್ತೆ ಶುರು ಮಾಡುವುದಾದರೆ ಸರಿಯಾದ ಕೂಲಿ ಕೊಟ್ಟೇ ಮಾಡಬೇಕು. ಕುಟುಂಬದ ಸಭೆಯಲ್ಲಿ ನಾನು ಮೊದಲು ಹಿಡಿದ ಮಾತು ಅದು: ರಿಪೇರಿಗೆ ಒಮ್ಮೆ ದುಡ್ಡು ಕೂಡಿಸಿದರೆ ಸಾಲದು, ಪ್ರತಿ ವರ್ಷದ ನಿಗಾಕ್ಕೂ ಎತ್ತಿಡಬೇಕು. ದೊಡ್ಡ ಮಾವ ಒಪ್ಪಿದರು. ‘ನೇಮಕ್ಕೆ ವರ್ಷವರ್ಷ ಕೊಡ್ತಾರಲ್ಲ, ಚಾವಡಿ ಬಿದ್ದರೆ ನೇಮ ಎಲ್ಲಿ ಮಾಡ್ತಾರಂತೆ?’ ಅಂದರು. ಅದರ ಮೇಲೆ ಯಾರೂ ಮಾತಾಡಲಿಲ್ಲ.

ಹೊರಗಿನ ಕೆಲಸ ಮೊದಲು

ಹಾರೆ ಮೊದಲು ಬಿದ್ದದ್ದು ಮನೆಯ ಹಿಂದೆ. ಕಾಂಕ್ರೀಟ್ ದಾರಿ ಒಡೆದು ಕಣಿ ಬಿಡಿಸಿದೆವು. ಕೆಳಗೆ ಹಳೆಯ ಕೆಂಪುಕಲ್ಲಿನ ಬದಿಗಳು ಹೆಚ್ಚಿನ ಕಡೆ ಹಾಗೇ ಇದ್ದವು. ಜರಿದ ಕಡೆ ಗಾರೆ ಇಲ್ಲದೆ ಕಲ್ಲನ್ನೇ ಜೋಡಿಸಿ ನಿಲ್ಲಿಸಿದೆವು. ಇಲ್ಲಿ ಗಾರೆ ಹಾಕಬಾರದು. ಬರೆಯೊಳಗಿನ ನೀರು ಕಲ್ಲಿನ ಸಂದಿಯಿಂದ ಕಣಿಗೆ ಇಳಿಯಬೇಕು. ಸಂದಿ ಮುಚ್ಚಿದರೆ ನೀರು ಹಿಂದೆ ಸೇರಿ ಬರೆಯನ್ನೇ ತಳ್ಳುತ್ತದೆ.

ಅಂಗಳದ ಕಾಂಕ್ರೀಟನ್ನು ಪೂರ್ತಿ ಒಡೆಯುವಷ್ಟು ದುಡ್ಡು ಈ ವರ್ಷಕ್ಕೆ ಇರಲಿಲ್ಲ. ಆದರೆ ಪಂಚಾಂಗಕ್ಕೆ (ಗೋಡೆ ಕೂತಿರುವ ಬುಡದ ಕಟ್ಟೆಗೆ) ತಾಗಿದ ಮೂರು ಅಡಿ ಅಗಲದ ಪಟ್ಟಿಯನ್ನು ಒಡೆದು ತೆಗೆದೆವು. ಗೋಡೆಗೆ ಅದರಿಂದ ಎರಡು ಕಾಟ ಇತ್ತು. ಸೂರಿನ ನೀರು ಗಟ್ಟಿ ನೆಲಕ್ಕೆ ಬಿದ್ದು ಗೋಡೆಗೆ ಸಿಡಿಯುತ್ತಿತ್ತು. ಜೊತೆಗೆ ಕಾಂಕ್ರೀಟಿನ ಅಡಿಯ ಮಣ್ಣಿನ ಪಸೆಗೆ ಆರಿಹೋಗಲು ಇದ್ದ ಜಾಗ ಗೋಡೆ ಮಾತ್ರ. ಒಡೆದ ಪಟ್ಟಿಯಲ್ಲಿ ಮಣ್ಣನ್ನು ಹೊರಕ್ಕೆ ಇಳಿಜಾರು ಮಾಡಿ, ಮೇಲೆ ದಪ್ಪ ಜಲ್ಲಿ ಹಾಸಿದೆವು. ಇಳಿಜಾರು 50 ಅಡಿಗೆ 1 ಅಡಿಯಾದರೂ ಇರಬೇಕು. ಕಣ್ಣಂದಾಜು ಬೇಡ, ರಸಮಟ್ಟ ಇಟ್ಟು ನೋಡಿ.

ತೊಟ್ಟಿಯ ಚರಂಡಿ ಬಿಡಿಸುವುದು ಸ್ವಲ್ಪ ಸೂಕ್ಷ್ಮದ ಕೆಲಸ. ನೆಲದ ಅಡಿಯಲ್ಲಿ ಹೋಗುವ ಕಲ್ಲಿನ ಚರಂಡಿಗೆ ಯಂತ್ರ ನುಗ್ಗಿಸಿದರೆ ಕಲ್ಲು ಜಾರುತ್ತದೆ. ಸೀಳಿದ ಬಿದಿರಿನಿಂದ ಎರಡೂ ಬಾಯಿಯಿಂದ ಕೆರೆದು, ಕೊಡಪಾನದಲ್ಲಿ ನೀರು ಬಿಟ್ಟು, ಮತ್ತೆ ಕೆರೆದು ಬಿಡಿಸಿದೆವು. ಬಂದದ್ದು ಕಪ್ಪು ಕೆಸರು, ಹಂಚಿನ ಚೂರು, ಎಷ್ಟೋ ಕಾಲದ ಗೋಲಿಗಳು. ತೋಟದ ತುದಿಯಲ್ಲಿ ನೀರು ಹೊರಗೆ ಬಂದಾಗ ಎಲ್ಲರ ಮುಖದಲ್ಲೂ ಖುಷಿ ಇತ್ತು.

ಮಾಡು

ತೊಟ್ಟಿ ಮನೆಯ ಮಾಡಿನ ಲೆಕ್ಕ ಬೇರೆ. ಹೊರಗಿನ ಮೂಲೆಗಳಲ್ಲಿ ನೀರು ಎರಡು ಕಡೆಗೆ ಹಂಚಿಹೋಗುತ್ತದೆ. ತೊಟ್ಟಿಯ ನಾಲ್ಕು ಒಳಮೂಲೆಗಳಲ್ಲಿ ಎರಡೆರಡು ಮಾಡಿನ ನೀರು ಒಂದೇ ಗೆರೆಗೆ ಬಂದು ಸೇರುತ್ತದೆ. ಮನೆಯಲ್ಲಿ ಅತಿ ಹೆಚ್ಚು ನೀರು ಹರಿಯುವ ಜಾಗ ಅದು. ಅಲ್ಲಿ ಹಂಚಿನ ಅಡಿಯಲ್ಲಿರುವ ತಗಡು ತುಕ್ಕು ಹಿಡಿದರೆ ನೀರು ನೇರ ಮೂಲೆಯ ಪಕ್ಕಾಸಿಗೆ (ಹಂಚು ಹೊರುವ ಓರೆ ಮರಕ್ಕೆ), ಅಲ್ಲಿಂದ ತೊಲೆಗೆ, ಕಂಬಕ್ಕೆ. ಹಳೆ ತೊಟ್ಟಿ ಮನೆ ನೋಡಲು ಹೋದಾಗ ಮೊದಲು ಆ ನಾಲ್ಕು ಮೂಲೆ ನೋಡಿ. ಮನೆಯ ಆರೋಗ್ಯ ಅಲ್ಲೇ ಗೊತ್ತಾಗುತ್ತದೆ.

ನಮ್ಮ ಹಂಚುಗಳು ಬೇರೆ ಬೇರೆ ಕಾಲದವು. ಮಗುಚಿದರೆ ಕಾರ್ಖಾನೆಯ ಮುದ್ರೆ ಕಾಣುತ್ತದೆ. ಕೆಲವದರಲ್ಲಿ ಬಾಸೆಲ್ ಮಿಷನ್ ಹೆಸರು ಮತ್ತು 1865 ಅಂತ ಇದೆ. ಅದು ಮಂಗಳೂರಿನಲ್ಲಿ ಮಿಷನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ, ಆ ಹಂಚು ಸುಟ್ಟ ವರ್ಷ ಅಲ್ಲ. ಕಾಮನ್‌ವೆಲ್ತ್ ಅಂತ ಇರುವ ಹಂಚು ಮೊದಲ ಮಹಾಯುದ್ಧದ ನಂತರದ್ದು. ಯುದ್ಧದಲ್ಲಿ ಮಿಷನ್ನಿನ ಕಾರ್ಖಾನೆಗಳು ಬ್ರಿಟಿಷರ ವಶಕ್ಕೆ ಹೋಗಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಬಂದವು. ಈ ಮುದ್ರೆ ಓದುವುದು ಸುಮ್ನೆ ಕುತೂಹಲಕ್ಕಲ್ಲ. ಒಂದು ಕಾರ್ಖಾನೆಯ ಹಂಚಿನ ತೋಡು ಇನ್ನೊಂದರದ್ದಕ್ಕೆ ಸರಿಯಾಗಿ ಕೂರುವುದಿಲ್ಲ. ಬೆರೆಸಿ ಹೊದಿಸಿದರೆ ಸಂದಿ ಬಿಡುತ್ತದೆ. ಆದ್ದರಿಂದ ಇಳಿಸಿದ ಹಂಚನ್ನು ಮುದ್ರೆ ನೋಡಿ ಬೇರೆ ಬೇರೆ ಸಾಲಿನಲ್ಲಿ ಇಟ್ಟೆವು, ಮಾಡಿನ ಒಂದೊಂದು ಮಗ್ಗುಲಿಗೆ ಒಂದೊಂದು ಜಾತಿ ಬರುವ ಹಾಗೆ. ಹಂಚನ್ನು ಮಲಗಿಸಿ ಪೇರಿಸಬಾರದು, ಅಂಚಿನ ಮೇಲೆ ನಿಲ್ಲಿಸಬೇಕು. ಒಳ್ಳೆಯದೋ ಇಲ್ಲವೋ ಅಂತ ಗೊತ್ತಾಗಲು ಬೆರಳ ಗೆಣ್ಣಿನಿಂದ ಬಡಿದರೆ ಸಾಕು. ಗಟ್ಟಿ ಹಂಚು ಕಣಕಣ ಅನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಕೇಳುತ್ತದೆ. ಒಳ್ಳೆಯವನ್ನು ನೀರಲ್ಲಿ ನೆನೆಸಿ, ಪಾಚಿ ಉಜ್ಜಿ ತೆಗೆದು, ಒಣಗಿಸಿ ಮತ್ತೆ ಅವನ್ನೇ ಹೊದಿಸಿದೆವು. ಒಡೆದದ್ದಕ್ಕೆ ಬದಲಿ ಸಿಕ್ಕಿದ್ದು ಊರಲ್ಲಿ ಕೆಡವುತ್ತಿದ್ದ ಒಂದು ಮನೆಯಿಂದ.

ಹಂಚು ಇಳಿಸುವಾಗ ನೆತ್ತಿಯ ಎರಡೂ ಬದಿಯಿಂದ ಸಮವಾಗಿ ಇಳಿಸುತ್ತಾ ಬರಬೇಕು. ಒಂದೇ ಬದಿ ಬರಿದು ಮಾಡಿದರೆ ಭಾರ ಇನ್ನೊಂದು ಕಡೆಗೆ ಬಿದ್ದು ಪಕ್ಕಾಸುಗಳು ವಾಲುತ್ತವೆ. ಬಿಚ್ಚುವ ಮುಂಚೆ ಪ್ರತಿ ಪಕ್ಕಾಸಿಗೆ, ಪ್ರತಿ ತೊಲೆಗೆ ಗುರುತು ಬರೆದೆವು. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿ ಬಂದ ಮೇಲೆ ಈ ಶಿಸ್ತಿನ ಬೆಲೆ ನನಗೆ ಇನ್ನೂ ಚೆನ್ನಾಗಿ ಗೊತ್ತಾಯಿತು. ವಿಜಯನಾಥ ಶೆಣೈ ಅವರು ಕುಂಜೂರು ಚೌಕಿ ಮನೆ, ಹರ್ಕೂರಿನ ಒಳಗಿನ ಮನೆ, ಮಿಯಾರಿನ ಮನೆಗಳನ್ನು ಇದ್ದ ಜಾಗದಿಂದ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಇಡೀ ಮನೆಯನ್ನೇ ಹಾಗೆ ಬಿಚ್ಚಿ ಕಟ್ಟಲು ಆಗುವುದಾದರೆ ನಮ್ಮದೊಂದು ಮಾಡು ಆಗದೇ? ತುಳುನಾಡಿನವರು ಪಿಲಿಕುಳ ನಿಸರ್ಗಧಾಮದ ಗುತ್ತಿನ ಮನೆಯನ್ನೂ ನೋಡಿ ಬನ್ನಿ. ಚಾವಡಿಯ ಅಳತೆ, ಮುಚ್ಚಿಗೆಯ ಜೋಡಣೆ ನೋಡಿ ಕಲಿಯಲು ಒಳ್ಳೆಯದು.

ಒಳಮೂಲೆಗಳಿಗೆ ದಪ್ಪ ಅಲ್ಯೂಮಿನಿಯಂ ತಗಡು ಹಾಕಿಸಿದೆವು. ಎರಡು ಅಡಿ ಅಗಲ, ನಡುವೆ ಮಡಿಕೆ, ಎರಡೂ ಅಂಚು ಸ್ವಲ್ಪ ಮೇಲಕ್ಕೆ ಮಡಚಿದ್ದು. ಆ ಮಡಚಿದ ಅಂಚು ತುಂಬಾ ಮುಖ್ಯ. ಜೋರು ಮಳೆಯಲ್ಲಿ ಒಂದು ಕಡೆಯಿಂದ ಬಂದ ನೀರು ಹಾರಿ ಇನ್ನೊಂದು ಕಡೆಯ ಹಂಚಿನ ಅಡಿಗೆ ನುಗ್ಗುತ್ತದೆ. ಅದನ್ನು ತಡೆಯುವುದು ಅದೇ.

ತೊಲೆಯ ತುದಿ

ಎಲ್ಲಕ್ಕಿಂತ ಕಷ್ಟದ ಕೆಲಸ ಹಿಂದಿನ ಗೋಡೆಯಲ್ಲಿ ಕೂತ ಒಂದು ತೊಲೆಯದ್ದು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಆಚಾರ್ರು ಸುತ್ತಿಗೆಯ ಹಿಂಬದಿಯಿಂದ ತೊಲೆಯ ಉದ್ದಕ್ಕೂ ಬಡಿಯುತ್ತಾ ಹೋದರು. ನಡುವೆ ಟಣ್ ಟಣ್ ಅಂತಿದ್ದದ್ದು ಗೋಡೆ ಹತ್ತಿರ ಬಂದಾಗ ದಬ್ ಅಂದಿತು. ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯ ತನಕ ಒಳಗೆ ಹೋಯಿತು. ಗೋಡೆಯ ಗಾರೆ ಬಿಡಿಸಿ ನೋಡಿದಾಗ ಮರ ಚೌಕ ಚೌಕವಾಗಿ ಒಡೆದು ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಒತ್ತಿದರೆ ಹುಡಿ. ತೊಲೆಯ ತುದಿಯ ಸುತ್ತ ಸಿಮೆಂಟ್ ಒತ್ತಿ ತುಂಬಿದ್ದರು. ಕೆಂಪುಕಲ್ಲು ಕುಡಿದ ನೀರು ಅಲ್ಲೇ ಉಳಿದು ಮರವನ್ನು ಒಳಗಿಂದಲೇ ತಿಂದಿತ್ತು. ಮರದೊಳಗಿನ ತೇವ ಶೇಕಡಾ 20ಕ್ಕಿಂತ ಕೆಳಗಿದ್ದರೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಹಲಸು, ಸಾಗುವಾನಿ, ಕಿರಾಲ್‌ಬೋಗಿಯಂಥ ಮರ ನೂರಾರು ವರ್ಷ ಬಾಳುವುದು ಗಾಳಿ ಆಡುವ ಜಾಗದಲ್ಲಿದ್ದರೆ ಮಾತ್ರ.

‘ಅಕ್ಕ, ಇಡೀ ತೊಲೆ ತೆಗೆಯುವುದು ಬೇಡ. ನಡು ಕಬ್ಬಿಣದ ಹಾಗಿದೆ. ಇಂಥ ಮರ ಈಗ ಎಲ್ಲಿ ಸಿಗ್ತದೆ? ತುದಿ ಮಾತ್ರ ಬದಲಿಸುವ’ ಅಂದರು ಆಚಾರ್ರು.

‘ಜೋಡಿಸಿದ್ದು ಭಾರ ತಡೀತದಾ, ಆಚಾರ್ರೇ?’

‘ಜೋಡಿಸುವ ಜಾಗ ಗೋಡೆಗೆ ಹತ್ತಿರ ಇದ್ದರೆ ತಡೀತದೆ. ನಡುವಿಗೆ ಬಂದರೆ ಇಲ್ಲ.’

ಅದು ಸರಿಯಾದ ಮಾತು. ತೊಲೆ ಬಾಗುವ ಒತ್ತಡ ಜಾಸ್ತಿ ಇರುವುದು ನಡುವೆ, ಆಧಾರದ ಹತ್ತಿರ ಕಡಿಮೆ.

ಮೊದಲು ತೊಲೆಯ ಅಡಿಗೆ ಎರಡು ಕಡೆ ಆಧಾರ ಕೊಟ್ಟೆವು. ಅಡಿಯಲ್ಲಿ ಅಗಲದ ಹಲಗೆ, ಅದರ ಮೇಲೆ ಗಟ್ಟಿ ಕಂಬ, ಕಂಬದ ತಲೆಗೆ ಜಾಕಿ. ಹಲಗೆ ಇಲ್ಲದಿದ್ದರೆ ಭಾರವೆಲ್ಲ ಒಂದೇ ಕಡೆ ಬಿದ್ದು ನೆಲ ಕುಸಿಯುತ್ತದೆ. ಜಾಕಿಯನ್ನು ಒಂದೊಂದು ಕೂದಲೆಳೆಯಷ್ಟೇ ಏರಿಸಿ, ಮೇಲಿನ ಗೋಡೆಯಲ್ಲಿ ಬಿರುಕು ಬರುತ್ತದಾ ಅಂತ ನೋಡಿ, ಮತ್ತೆ ಏರಿಸಿದರು. ಆತುರ ಮಾಡುವ ಕೆಲಸ ಇದಲ್ಲ. ಭಾರ ಜಾಕಿಗೆ ಬಂದ ಮೇಲೆ ಕೊಳೆತ ತುದಿಯನ್ನು ಕೊಯ್ದು, ಗಟ್ಟಿ ಮರ ಸಿಕ್ಕಿದ ಮೇಲೂ ಇನ್ನೊಂದಿಷ್ಟು ಕೊಯ್ದು ತೆಗೆದರು. ಹೊಸ ತುಂಡಿಗೆ ಹಸಿ ಮರ ಬಳಸಲಿಲ್ಲ. ಹಸಿ ಮರ ಆಮೇಲೆ ಕುಗ್ಗಿ ಸಂದಿ ಬಿಡುತ್ತದೆ. ಕೆಡವಿದ ಮನೆಯ ಹಳೆ ಹಲಸಿನ ತೊಲೆ ತಂದರು. ಎರಡೂ ತುಂಡನ್ನು ಉದ್ದಕ್ಕೆ ಓರೆಯಾಗಿ ಕೊಯ್ದು, ಒಂದರ ಮೇಲೊಂದು ಕೂರುವ ಹಾಗೆ ಮಾಡಿ, ತುದಿಗಳಲ್ಲಿ ಜಾರದ ಹಾಗೆ ಸಣ್ಣ ಮೆಟ್ಟಿಲು ಕೊಟ್ಟರು. ಆ ಓರೆಯ ಉದ್ದ ತೊಲೆಯ ಎತ್ತರದ ಮೂರು ಪಟ್ಟಾದರೂ ಇರಬೇಕು. ಅಡ್ಡಕ್ಕೆ ತೂತು ಕೊರೆದು ಗಟ್ಟಿ ಮರದ ಗೂಟ ಬಡಿದು, ನಡುವೆ ಬೆಣೆ ಹೊಡೆದರು. ಹೊಡೆದ ಹಾಗೆ ಎರಡು ತುಂಡು ಒಂದಕ್ಕೊಂದು ಕಚ್ಚಿಕೊಳ್ಳುತ್ತಾ ಬಂದದ್ದನ್ನು ನಾನು ಏಣಿಯ ಮೇಲೆ ನಿಂತು ಹತ್ತಿರದಿಂದ ನೋಡಿದೆ. ಕೊನೆಗೆ ಆ ಗೆರೆಯಲ್ಲಿ ಉಗುರು ಕೂಡ ತೂರುತ್ತಿರಲಿಲ್ಲ.

ಗೋಡೆಯೊಳಗೆ ಕೂರುವ ತುದಿಗೆ ಗೇರೆಣ್ಣೆ ಬಳಿದೆವು, ಅದರಲ್ಲೂ ಕೊಯ್ದ ಮುಖಕ್ಕೆ ಚೆನ್ನಾಗಿ. ಗೇರುಬೀಜದ ಸಿಪ್ಪೆಯಿಂದ ತೆಗೆದ ಈ ಎಣ್ಣೆಯನ್ನು ನಮ್ಮಲ್ಲಿ ದೋಣಿಗೂ ಬಳಿಯುತ್ತಾರೆ, ಗೆದ್ದಲು ಹತ್ತಿರ ಬರುವುದಿಲ್ಲ. ಮೈಗೆ ತಾಗಿದರೆ ಸುಡುತ್ತದೆ. ಕೈಗವಸು ಬೇಕೇ ಬೇಕು. ತೊಲೆಯ ಅಡಿಗೆ ಶಿಲೆಕಲ್ಲಿನ ಚಪ್ಪಡಿ ಇಟ್ಟು, ಸುತ್ತ ಒಂದು ಬೆರಳಿನಷ್ಟು ಜಾಗ ಬಿಟ್ಟೆವು. ಆ ಖಾಲಿ ಜಾಗವನ್ನು ಯಾವ ಕಾರಣಕ್ಕೂ ತುಂಬಬಾರದು ಅಂತ ಮೇಸ್ತ್ರಿಗೆ ಮತ್ತೆ ಮತ್ತೆ ಹೇಳಬೇಕಾಯಿತು. ಅವರಿಗೆ ಸಂದಿ ಕಂಡರೆ ಮುಚ್ಚುವುದೇ ಅಭ್ಯಾಸ.

ಸುಣ್ಣ

ಕೆಂಪುಕಲ್ಲು ನೆಲದಿಂದ ಕೊಯ್ಯುವಾಗ ಮೆದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿ. ಆದರೆ ಮೈತುಂಬಾ ತೂತು ಇರುವ ಕಲ್ಲು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಗೆಯಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತದೆ. ಸಿಮೆಂಟ್ ಕೊಡುವುದಿಲ್ಲ. ನೀರು ಗಾರೆಯ ಹಿಂದೆ ಸಿಕ್ಕಿಕೊಂಡು ಮೇಲೇರುತ್ತಾ ಹೋಗುತ್ತದೆ. ಸಿಮೆಂಟ್ ಮುಗಿಯುವ ಎದೆಯೆತ್ತರದಲ್ಲಿ ಉಪ್ಪು ಬಿಳಿಯಾಗಿ ಉಬ್ಬಿ ಬರುತ್ತದೆ. ನಮ್ಮ ಕೋಣೆಗಳಲ್ಲಿ ಸರಿಯಾಗಿ ಆ ಗೆರೆಯಲ್ಲೇ ಪೇಂಟ್ ಸಿಪ್ಪೆ ಎದ್ದಿತ್ತು.

ಸಿಮೆಂಟ್ ಗಾರೆಯನ್ನು ಸಣ್ಣ ಉಳಿ, ಸುತ್ತಿಗೆಯಲ್ಲಿ ಮಾತ್ರ ಬಿಡಿಸಬೇಕು. ಬ್ರೇಕರ್ ಹಿಡಿದರೆ ಕೆಂಪುಕಲ್ಲಿನ ಮುಖವೇ ಕಿತ್ತು ಬರುತ್ತದೆ. ಬಿಡಿಸಿದ ಮೇಲೆ ಗೋಡೆಯನ್ನು ಹಾಗೇ ಒಣಗಲು ಬಿಡಿ. ನಾವು ನವೆಂಬರ್‌ನಲ್ಲಿ ಬಿಡಿಸಿದ್ದನ್ನು ಮಾರ್ಚ್ ತನಕ ಬರಿಗೋಡೆಯಾಗಿಯೇ ಬಿಟ್ಟೆವು. ಮೇಲೆ ಬಂದ ಉಪ್ಪನ್ನು ಒಣ ಬ್ರಶ್ಶಿನಲ್ಲಿ ಉಜ್ಜಿ, ಬಿದ್ದದ್ದನ್ನು ಗುಡಿಸಿ ಹೊರಗೆ ಹಾಕಬೇಕು. ನೀರಿನಲ್ಲಿ ತೊಳೆದರೆ ಉಪ್ಪು ಮತ್ತೆ ಗೋಡೆಯೊಳಗೇ ಹೋಗುತ್ತದೆ. ಈ ಕಾಯುವಿಕೆಗೆ ಮನೆಯವರಿಂದ ಜಾಸ್ತಿ ವಿರೋಧ ಬರುತ್ತದೆ. ಬಂದವರೆಲ್ಲ ‘ಇನ್ನೂ ಮುಗಿಯಲಿಲ್ವಾ’ ಅಂತ ಕೇಳುತ್ತಾರೆ. ಆದರೂ ಕಾಯಿರಿ.

ನಾವು ತಂದದ್ದು ಚಿಪ್ಪಿನ ಸುಣ್ಣ. ಅಳಿವೆಗಳಲ್ಲಿ ಸಿಗುವ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಮಾಡಿದ್ದು. ಸುಟ್ಟ ಸುಣ್ಣವನ್ನು ನೀರಿಗೆ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕುದಿದು ಹಾರುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಹಾಕದೆ ಯಾರನ್ನೂ ಹತ್ತಿರ ಬಿಡಬೇಡಿ. ಪ್ಲಾಸ್ಟಿಕ್ ಬಕೆಟ್ ಬೇಡ, ಆ ಬಿಸಿಗೆ ತಾಳುವುದಿಲ್ಲ. ಕುದಿ ಇಳಿದ ಮೇಲೆ ಸೋಸಿ, ಮೇಲೆ ಯಾವಾಗಲೂ ನಾಲ್ಕು ಬೆರಳು ನೀರು ನಿಂತಿರುವ ಹಾಗೆ ಹೊಂಡದಲ್ಲಿ ಇಡಬೇಕು. ಇಟ್ಟಷ್ಟು ಒಳ್ಳೆಯದು. ದೀಪಾವಳಿ ಹೊತ್ತಿಗೆ ಹಾಕಿದ್ದನ್ನು ನಾವು ತೆಗೆದದ್ದು ಗೋಡೆ ಒಣಗಿದ ಮೇಲೆ.

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಸೋಸಿದ ಹೊಳೆ ಮರಳು. ಸಮುದ್ರದ ಮರಳು ಬೇಡವೇ ಬೇಡ, ಅದರಲ್ಲಿ ಉಪ್ಪಿದೆ. ಪಂಚಾಂಗದ ಹತ್ತಿರದ ಗಾರೆಗೆ ಮರಳಿನ ಒಂದು ಪಾಲು ಕಡಿಮೆ ಮಾಡಿ ಸುಟ್ಟ ಇಟ್ಟಿಗೆಯ ಪುಡಿ ಸೇರಿಸಿದೆವು. ಬರಿ ಸುಣ್ಣ ಗಟ್ಟಿಯಾಗಲು ಗಾಳಿ ಬೇಕು. ಇಟ್ಟಿಗೆ ಪುಡಿ ಇದ್ದರೆ ಪಸೆ ಇರುವ ಜಾಗದಲ್ಲೂ ಗಟ್ಟಿಯಾಗುತ್ತದೆ. ಬೆಲ್ಲದ ನೀರು ಸೇರಿಸಿದರೆ ಗಾರೆ ಕರಣೆಯಿಂದ ಚೆನ್ನಾಗಿ ಹರಡುತ್ತದೆ. ಜಾಸ್ತಿಯಾದರೆ ಗಟ್ಟಿಯಾಗುವುದು ತಡ. ಬಚ್ಚಲಿನ ಹಿಂಬದಿಯ ಗೋಡೆಯಲ್ಲಿ ಬೇರೆ ಬೇರೆ ಹದದ ತುಂಡು ಬಳಿದು ನೋಡಿ, ಆಮೇಲೆ ಒಳಗೆ ಬಂದೆವು.

ಹದ ಗೊತ್ತಿದ್ದದ್ದು ಊರಿನ ಒಬ್ಬ ಹಿರಿಯ ಮೇಸ್ತ್ರಿಗೆ ಮಾತ್ರ. ಏಣಿ ಹ‍ತ್ತಲು ಆಗುವುದಿಲ್ಲ ಅಂತ ಕುರ್ಚಿ ಹಾಕಿ ಕೂತು, ಹುಡುಗರು ಕಲೆಸಿ ತಂದದ್ದನ್ನು ಮುಷ್ಟಿಯಲ್ಲಿ ಹಿಸುಕಿ ನೋಡುತ್ತಿದ್ದರು. ಬೆರಳ ಸಂದಿಯಿಂದ ನೀರು ಬಂದರೆ ವಾಪಸ್. ಕೈ ಬಿಚ್ಚಿದಾಗ ಬೆರಳಚ್ಚು ಉಳಿದು ಉಂಡೆ ಒಡೆಯದೆ ನಿಂತರೆ ‘ಹಾಕಿ’ ಅನ್ನುತ್ತಿದ್ದರು. ಅವರ ಹತ್ತಿರ ಕಲಿತ ಹುಡುಗರಲ್ಲಿ ಇಬ್ಬರಿಗೆ ಈಗ ಬೇರೆ ಕಡೆಯಿಂದಲೂ ಕರೆ ಬರುತ್ತಿದೆ. ಈ ರಿಪೇರಿಯಲ್ಲಿ ನನಗೆ ತುಂಬಾ ಸಂತೋಷ ಕೊಟ್ಟದ್ದು ಇದು.

ಗೋಡೆಯನ್ನು ಹಿಂದಿನ ಸಂಜೆಯೇ ನೆನೆಸಿ, ಮೊದಲ ಪದರ ಬೆರಳ ದಪ್ಪಕ್ಕಿಂತ ಕಡಿಮೆ, ಅದು ಬಿಗಿದ ಮೇಲೆ ಇನ್ನೊಂದು ತೆಳು ಪದರ, ಕೊನೆಗೆ ಸುಣ್ಣದ ನಯ. ಬಿಸಿಲು ನೇರ ಬೀಳುವ ಕಡೆ ಒದ್ದೆ ಗೋಣಿ ತೂಗುಹಾಕಿ. ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಮೇಲೆ ಸುಣ್ಣದ ನೀರನ್ನು ತೆಳ್ಳಗೆ ನಾಲ್ಕೈದು ಸಲ ಬಳಿದೆವು. ಪೇಂಟ್ ಇಲ್ಲ. ವಿದ್ಯುತ್ ತಂತಿಗೆ ಗೋಡೆ ಕೊರೆಯಲಿಲ್ಲ, ಮೇಲಿಂದಲೇ ಎಳೆದೆವು. ಚಾವಡಿಯ ಕೆಂಪು ನೆಲ ಚೆನ್ನಾಗಿಯೇ ಇತ್ತು. ತೊಳೆದು ಎಣ್ಣೆ ಉಜ್ಜಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

ಬನ ಮತ್ತು ಮದಗ

ನಾಗಬನಕ್ಕೂ ಕಾಂಕ್ರೀಟ್ ಕಟ್ಟೆ, ಸುತ್ತ ಟೈಲ್ಸ್ ಹಾಕಿಸೋಣ ಅಂತ ಕುಟುಂಬದಲ್ಲಿ ಕೆಲವರ ಆಸೆ ಇತ್ತು. ಎಷ್ಟೋ ಕಡೆ ಈಗ ಹಾಗೇ ಆಗಿದೆ, ಮರ ಇಲ್ಲದ ಬನಗಳನ್ನು ನೀವೂ ನೋಡಿರುತ್ತೀರಿ. ನಾನು ಗಟ್ಟಿಯಾಗಿ ಬೇಡ ಅಂದೆ. ಬನ ಅಂದರೆ ಮರ, ಬಳ್ಳಿ, ಬಿದ್ದ ಎಲೆ. ಗುಡ್ಡೆಯ ನೀರು ನಿಧಾನವಾಗಿ ನೆಲಕ್ಕೆ ಇಳಿಯುವ ಜಾಗ ನಮ್ಮ ಜಮೀನಿನಲ್ಲಿ ಅದೊಂದೇ. ಅದರ ಕೆಳಗೇ ಮದಗ, ಮದಗದ ಕೆಳಗೆ ಬಾವಿ. ಹಳಬರು ಸುಮ್ನೆ ಈ ಸಾಲಿನಲ್ಲಿ ಇಟ್ಟಿಲ್ಲ. ಪೂಜೆಗೆ ಬರುವ ಭಟ್ಟರನ್ನು ಕೇಳಿದಾಗ ಅವರೂ ‘ನಾಗನಿಗೆ ತಂಪು ಬೇಕು, ಟೈಲ್ಸ್ ಯಾಕೆ?’ ಅಂದರು. ಬನದೊಳಗೆ ಪ್ಲಾಸ್ಟಿಕ್ ಹೆಕ್ಕಿದ್ದು ಬಿಟ್ಟರೆ ಏನನ್ನೂ ಮುಟ್ಟಲಿಲ್ಲ.

ಮದಗದ ಹೂಳು ಎತ್ತಿದ್ದು ಏಪ್ರಿಲ್‌ನಲ್ಲಿ, ನೀರು ತೀರಾ ತಳಕ್ಕೆ ಹೋದಾಗ. ಹೂಳೆಲ್ಲ ಅಡಿಕೆ ಬುಡಕ್ಕೆ ಹೋಯಿತು. ಜಾರಿದ ಮೆಟ್ಟಿಲುಗಳನ್ನು ಅದೇ ಕೆಂಪುಕಲ್ಲಿನಿಂದ ಗಾರೆ ಇಲ್ಲದೆ ಕೂರಿಸಿದೆವು.

ಆಟಿಯ ಮಳೆ

ಆಟಿಯಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ತುಳು ತಿಂಗಳು) ಜೋರು ಮಳೆ ಬಂದಾಗ ನೋಡಿದ್ದು ಇಷ್ಟು. ಒಳಮೂಲೆಗಳಲ್ಲಿ ಮೂರು ಪೂರ್ತಿ ಒಣಗಿವೆ. ಅಡುಗೆಮನೆ ಕಡೆಯ ಮೂಲೆಯಲ್ಲಿ ಗಾಳಿ ಮಳೆ ಬಂದಾಗ ಸಣ್ಣ ಪಸೆ ಕಾಣುತ್ತದೆ. ತಗಡಿನ ಮೇಲ್ತುದಿ ನೆತ್ತಿಯ ಹಂಚಿನ ಅಡಿಗೆ ಇನ್ನೂ ಒಂದು ಗೇಣು ಹೋಗಬೇಕು. ತೊಟ್ಟಿಯಲ್ಲಿ ನೀರು ನಿಲ್ಲುತ್ತಿಲ್ಲ. ಹಿಂದಿನ ಕಣಿ ಬರೆಯ ನೀರನ್ನು ಪೂರ್ತಿ ಹೊತ್ತು ಹೋಗುತ್ತಿದೆ. ಪಂಚಾಂಗದ ಹತ್ತಿರದ ಜಲ್ಲಿಯ ಮೇಲೆ ಸೂರಿನ ನೀರು ಬಿದ್ದರೂ ಗೋಡೆಗೆ ಸಿಡಿಯುತ್ತಿಲ್ಲ. ಮಲಗುವ ಕೋಣೆಗಳ ಮುಗ್ಗಲು ವಾಸನೆ ಹೋಗಿದೆ ಅಂತ ಅತ್ತೆ ಹೇಳಿದರು. ಹೊಸ ಸುಣ್ಣದ ಗೋಡೆ ಕೆಲವು ಕಡೆ ಒದ್ದೆಯಾಗಿ ಬಣ್ಣ ಕಪ್ಪಾಗಿದೆ, ಅದು ಚಿಂತೆ ಮಾಡುವ ವಿಷಯ ಅಲ್ಲ. ಮಳೆ ಬಿಟ್ಟ ಮೇಲೆ ಮತ್ತೆ ಬೆಳ್ಳಗಾಗುತ್ತದಾ ಅಂತ ನೋಡಬೇಕು. ಆದರೆ ಸರಿ, ಆಗದಿದ್ದರೆ ಆ ಜಾಗದ ಹೊರಗೆ ನೀರು ನಿಂತಿದೆ ಅಂತ ಅರ್ಥ.

ಬರುವ ದೀಪಾವಳಿ ನಂತರ ಅಂಗಳದ ಉಳಿದ ಕಾಂಕ್ರೀಟ್, ಹೆಬ್ಬಾಗಿಲಿನ ಮಾಡು, ಬಾವಿ ಬದಿಯ ಅಡುಗೆಮನೆ ಗೋಡೆ ಇವೆ. ಚಿಪ್ಪಿನ ಸುಣ್ಣಕ್ಕೆ ಈಗಲೇ ಹೇಳಿಟ್ಟಿದ್ದೇನೆ. ನೀವೂ ಈ ಕೆಲಸ ಮಾಡುವುದಾದರೆ ಗೋಡೆಗೆ ಉಳಿ ಇಡುವ ಮುಂಚೆಯೇ ಸುಣ್ಣದ ಹೊಂಡ ತುಂಬಿಸಿ, ಕೆಡವುತ್ತಿರುವ ಮನೆಗಳ ಹಂಚು, ಹಲಸಿನ ತೊಲೆ ಸಿಕ್ಕಿದಾಗಲೇ ತಂದು ಒಣ ಜಾಗದಲ್ಲಿ ಹಾಕಿಡಿ. ಬೇಕಾದಾಗ ಹುಡುಕಿದರೆ ಸಿಗುವುದಿಲ್ಲ.